‘ಪ್ರಿಫರ್’ ಅಂದರೆ ಇಷ್ಟಪಡುವುದಲ್ಲ

ಮೂರನೇ ವರ್ಷದ ಕಾನೂನು ತರಗತಿಯಲ್ಲಿ ಒಂದು ಮಧ್ಯಾಹ್ನ ಹೈಕೋರ್ಟಿನ ತೀರ್ಪೊಂದರ ಝೆರಾಕ್ಸ್ ಹಂಚಿ, ಮೊದಲ ಪ್ಯಾರಾವನ್ನು ಕನ್ನಡದಲ್ಲಿ ಹೇಳಿ ಎಂದೆ. ಹಾನಗಲ್ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು, ತರಗತಿಯ ಜಾಣೆಯರಲ್ಲಿ ಒಬ್ಬಳು. ‘ವಾದಿಯು ಈ ಮೇಲ್ಮನವಿಯನ್ನು ಇಷ್ಟಪಟ್ಟಿದ್ದಾನೆ’ ಎಂದಳು. ಹಿಂದಿನ ಬೆಂಚುಗಳಿಂದ ನಗು ಬಂತು. ತೀರ್ಪಿನಲ್ಲಿ ಇದ್ದದ್ದು ‘ಪ್ರಿಫರ್ಡ್ ದಿಸ್ ಅಪೀಲ್’, ಅಂದರೆ ಮೇಲ್ಮನವಿ ಸಲ್ಲಿಸಿದ್ದಾನೆ ಎಂದು.

ನಾನೂ ನಕ್ಕೆ. ಆಮೇಲೆ ನಾಚಿಕೆಯಾಯಿತು. ಪ್ರಿಫರ್ ಎಂದರೆ ಕಾಫಿಗಿಂತ ಚಹಾ ಹೆಚ್ಚು ಇಷ್ಟ ಎಂಬಂತೆ ಎಂದು ಮೊದಲ ವರ್ಷದಲ್ಲಿ ಅವಳಿಗೆ ಹೇಳಿಕೊಟ್ಟವನು ನಾನೇ. ಅದರ ಮುಂದೆ ‘ದ್ಯಾನ್’ ಬರಕೂಡದು, ‘ಟು’ ಬರಬೇಕು ಎಂದು ಬೋರ್ಡಿನ ಮೇಲೆ ಅಡಿಗೆರೆ ಎಳೆದು ತೋರಿಸಿದ್ದೆ. ಪರೀಕ್ಷೆಯಲ್ಲಿ ಆ ಬಿಟ್ಟ ಸ್ಥಳ ತುಂಬಿ ಅವಳು ಅಂಕವನ್ನೂ ತೆಗೆದಿದ್ದಳು. ನಾನು ಕಲಿಸಿದ್ದನ್ನು ಅವಳು ಸರಿಯಾಗಿಯೇ ಕಲಿತಿದ್ದಳು. ಅವಳ ಮುಂದಿದ್ದ ಕಾಗದಕ್ಕೆ ಅದು ಬೇಕಾಗಿರಲಿಲ್ಲ, ಅಷ್ಟೆ.

ಅಂದಿನ ತರಗತಿಯಲ್ಲಿ ಇನ್ನೂ ಎರಡು ಎಡವಟ್ಟುಗಳಾದವು. ‘ವಿತ್ ದಿ ಲೀವ್ ಆಫ್ ದಿ ಕೋರ್ಟ್’ ಎಂಬುದು ಒಬ್ಬನ ಬಾಯಲ್ಲಿ ‘ನ್ಯಾಯಾಲಯದ ರಜೆಯೊಂದಿಗೆ’ ಆಯಿತು. ಭೂಸ್ವಾಧೀನದ ತೀರ್ಪೊಂದರಲ್ಲಿ ಬಂದ ‘ಅವಾರ್ಡ್’ ಇನ್ನೊಬ್ಬನಿಗೆ ಪ್ರಶಸ್ತಿಯಾಗಿ ಕಂಡಿತು. ಅವನ ಅನುವಾದದಲ್ಲಿ, ನೀರಾವರಿ ಯೋಜನೆಗೆ ಹೊಲ ಕಳೆದುಕೊಂಡ ರೈತನಿಗೆ ಸರಕಾರ ಒಂದು ಪ್ರಶಸ್ತಿ ಕೊಟ್ಟಿತ್ತು. ರೈತ ಅದು ಸಾಲದೆಂದು ಕೋರ್ಟಿನ ಮೆಟ್ಟಿಲು ಹತ್ತಿದ್ದ. ಆಲಮಟ್ಟಿ ಹಿನ್ನೀರಿನ ಊರುಗಳವರು ಕೇಳಿದ್ದರೆ ನಗುತ್ತಿದ್ದರೋ ಅಳುತ್ತಿದ್ದರೋ.

ಗಮನಿಸಿ: ಎಡವಿದ್ದು ಕಠಿಣ ಪದಗಳಲ್ಲಲ್ಲ. ‘ರೆಸ್ ಜುಡಿಕೇಟಾ’, ‘ಲೋಕಸ್ ಸ್ಟ್ಯಾಂಡೈ’ ಮುಂತಾದ ಲ್ಯಾಟಿನ್ ಪದಗಳನ್ನು ಈ ಮಕ್ಕಳು ನಿದ್ದೆಗಣ್ಣಲ್ಲೂ ವಿವರಿಸುತ್ತಾರೆ. ಕಾನೂನಿನ ಮೇಷ್ಟ್ರು ಅವನ್ನು ಪಾಠ ಮಾಡಿರುತ್ತಾರೆ, ಗೈಡುಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತವೆ. ಕೈಕೊಡುವುದು ಮನೆಯವರಂತೆ ಕಾಣುವ ಪದಗಳು: ಲೀವ್, ಅವಾರ್ಡ್, ಪ್ರಿಫರ್, ರಿಲೀಫ್, ಸ್ಟೇ, ಕನ್ಸಿಡರೇಶನ್, ಎಕ್ಸಿಕ್ಯೂಟ್. ಕರಾರಿನ ಕಾಯಿದೆಯಲ್ಲಿ ಕನ್ಸಿಡರೇಶನ್ ಎಂದರೆ ಪ್ರತಿಫಲ, ಪರಿಗಣನೆಯಲ್ಲ. ಕ್ರಯಪತ್ರ ಎಕ್ಸಿಕ್ಯೂಟ್ ಮಾಡುವುದೆಂದರೆ ಬರೆದುಕೊಡುವುದು, ಡಿಕ್ರಿ ಎಕ್ಸಿಕ್ಯೂಟ್ ಮಾಡುವುದೆಂದರೆ ಅಮಲ್ಜಾರಿ. ಕಾನೂನಿನ ಮೇಷ್ಟ್ರಿಗೆ ಇವು ಎಷ್ಟು ಬಳಕೆಯಾಗಿವೆಯೆಂದರೆ ಕಲಿಸಬೇಕಾದ ಪದಗಳೆಂದು ಹೊಳೆಯುವುದೇ ಇಲ್ಲ. ಇಂಗ್ಲಿಷ್ ಮೇಷ್ಟ್ರಿಗೆ ಇವು ಹೈಸ್ಕೂಲಿನಲ್ಲೇ ಮುಗಿದ ಪದಗಳು. ಇಬ್ಬರ ನಡುವೆ ಬಿದ್ದ ಪದವನ್ನು ಎತ್ತಿಕೊಳ್ಳುವವರು ಯಾರು?

ನನ್ನ ವಾದವನ್ನು ಇಲ್ಲೇ ಹೇಳಿಬಿಡುತ್ತೇನೆ. ವೃತ್ತಿಗೆ ಬೇಕಾದ ಇಂಗ್ಲಿಷನ್ನು ಆ ವೃತ್ತಿಯವರು ದಿನವೂ ಬರೆಯುವ ಕಾಗದಪತ್ರಗಳಿಂದಲೇ ಕಲಿಸಬೇಕು. ಯಾವ ಪದ, ಯಾವ ಅರ್ಥದಲ್ಲಿ, ಯಾರ ಪಕ್ಕದಲ್ಲಿ ಬರುತ್ತದೆ ಎಂಬುದನ್ನು ಮೇಷ್ಟ್ರ ನೆನಪಿಗೆ ಬಿಡದೆ ಎಣಿಸಿ ನೋಡಬೇಕು. ಆ ಎಣಿಕೆಯನ್ನು ವಿದ್ಯಾರ್ಥಿಯೇ ಮಾಡಬೇಕು. ಇದಕ್ಕೆ ದೊಡ್ಡ ಯಂತ್ರವೂ ಬೇಡ, ವಿದೇಶದ ದೊಡ್ಡ ಪದಪಟ್ಟಿಯೂ ಬೇಡ.

ನಮ್ಮಲ್ಲಿ ಇದರ ಅಗತ್ಯ ಎಷ್ಟೆಂದು ಬೇರೆ ಹೇಳಬೇಕಿಲ್ಲ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿ, ವಾದ, ದಾವೆ ಅರ್ಜಿಗಳು ಕನ್ನಡದಲ್ಲಿ ನಡೆಯುತ್ತವೆ. ಮೇಲ್ಮನವಿ ಮೇಲೇರುತ್ತಿದ್ದಂತೆ ಭಾಷೆ ಬದಲಾಗುತ್ತದೆ, ಹೈಕೋರ್ಟಿನ ಭಾಷೆ ಇಂಗ್ಲಿಷ್ ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಅವು ಕಾಯಂ ಆದವು. ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವುದು ತಪ್ಪಿತು. ಹೈಕೋರ್ಟು ಊರ ಹತ್ತಿರ ಬಂತು, ಅದರ ಭಾಷೆ ಮಾತ್ರ ಮೊದಲಿನಷ್ಟೇ ದೂರದಲ್ಲಿ ಉಳಿಯಿತು. ಹೈಕೋರ್ಟಿನ ಭಾಷೆಯೂ ಕನ್ನಡವಾಗಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಅದು ಈಡೇರುವವರೆಗೂ ಹಾನಗಲ್ಲಿನ ಹುಡುಗಿ ಕಾಯುತ್ತ ಕೂರಲಾರಳು.

ಪಠ್ಯಗಳನ್ನು ರಾಶಿ ಹಾಕಿ ಅದರಿಂದ ಭಾಷೆಯ ನಡೆ ಕಂಡುಕೊಳ್ಳುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಕಾರ್ಪಸ್ ಎಂಬ ಹೆಸರಿದೆ. ಪಠ್ಯರಾಶಿ ಎನ್ನೋಣ. ಹೆಸರು ಹೊಸದು, ಬುದ್ಧಿ ಹಳೆಯದು. 13ನೇ ಶತಮಾನದಲ್ಲಿ ಮಲ್ಲಿಕಾರ್ಜುನ ಹಿಂದಿನ ಕವಿಗಳ ಪದ್ಯಗಳನ್ನು ವಿಷಯವಾರು ಆಯ್ದು ‘ಸೂಕ್ತಿಸುಧಾರ್ಣವ’ ಕಟ್ಟಿದ. ಅವನ ಮಗ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಸೂತ್ರ ಸೂತ್ರಕ್ಕೂ ಕವಿಪ್ರಯೋಗಗಳನ್ನು ಸಾಕ್ಷಿಯಾಗಿ ತಂದು ನಿಲ್ಲಿಸಿದ. ಅಪ್ಪ ರಾಶಿ ಮಾಡಿದ, ಮಗ ಲಕ್ಷಣ ಬರೆದ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೂಡ ಶಾಸನ, ಕಾವ್ಯಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡೇ ಅರ್ಥ ಹೇಳುತ್ತದೆ. ಕಂಪ್ಯೂಟರು ಇದಕ್ಕೆ ಸೇರಿಸಿದ್ದು ವೇಗವನ್ನು.

ಆ ವೇಗದ ಕಥೆ ಅಮೆರಿಕದಲ್ಲಿ ಶುರುವಾಗುತ್ತದೆ. 1961ರಲ್ಲಿ ಅಚ್ಚಾದ ಬರಹಗಳಿಂದ ತಲಾ 2,000 ಪದಗಳ 500 ತುಣುಕುಗಳನ್ನು ಆಯ್ದು, 10 ಲಕ್ಷ ಪದಗಳ ಪಠ್ಯರಾಶಿಯನ್ನು ಬ್ರೌನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದರು. ಅದೇ ಅಚ್ಚಿನಲ್ಲಿ ಭಾರತದ ಇಂಗ್ಲಿಷಿಗೂ ಒಂದು ರಾಶಿ ತಯಾರಾಯಿತು. ದಿಲ್ಲಿಯಲ್ಲೋ ಮುಂಬೈಯಲ್ಲೋ ಅಲ್ಲ, ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಹಾಪುರದಲ್ಲಿ. ಶಿವಾಜಿ ವಿಶ್ವವಿದ್ಯಾಲಯದ ಎಸ್.ವಿ. ಶಾಸ್ತ್ರಿ ಅವರು 1978ರ ಬರಹಗಳಿಂದ 10 ಲಕ್ಷ ಪದಗಳನ್ನು ಕೂಡಿಸಿದರು. ಪಕ್ಕದ ಊರಿನ ಈ ಕೆಲಸ ನಮ್ಮ ಇಂಗ್ಲಿಷ್ ವಿಭಾಗಗಳಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಕೇಳಿದರೆ ನನಗೇ ಮುಜುಗರವಾಗುತ್ತದೆ. ನಾನು ಅದರ ಹೆಸರು ಕೇಳಿದ್ದು ಕೆಲಸಕ್ಕೆ ಸೇರಿ ಹತ್ತು ವರ್ಷವಾದ ಮೇಲೆ.

ಪದಪಟ್ಟಿಗಳಿಗೂ ಹೀಗೇ ಒಂದು ಚರಿತ್ರೆಯಿದೆ. ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್, ಬಂಗಾಳದ ಮಕ್ಕಳಿಗೆ ಮೊದಲು ಬೇಕಾದ ಇಂಗ್ಲಿಷ್ ಪದಗಳು ಯಾವುವು ಎಂದು ತಲೆಕೆಡಿಸಿಕೊಂಡವರು. ಅವರ ಹೆಸರಿನಲ್ಲಿ 1953ರಲ್ಲಿ ಬಂದ ಸುಮಾರು 2,000 ಪದಗಳ ಪಟ್ಟಿ ಲೋಕಪ್ರಸಿದ್ಧವಾಯಿತು. 2000ದಲ್ಲಿ ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್, ಕಲೆ, ವಾಣಿಜ್ಯ, ಕಾನೂನು, ವಿಜ್ಞಾನಗಳ 35 ಲಕ್ಷ ಪದಗಳ ರಾಶಿಯನ್ನು ಜಾಲಿಸಿ 570 ಪದಕುಟುಂಬಗಳ ಪಟ್ಟಿ ಕೊಟ್ಟರು. ಉತ್ತಮ ಕೆಲಸ, ಪಿಎಚ್‌ಡಿ ಮಾಡುವವರಿಗೆ ಈಗಲೂ ಅದನ್ನೇ ಸೂಚಿಸುತ್ತೇನೆ. ಆದರೆ ಅದರಲ್ಲಿ ‘ಇಂಪ್ಯೂನ್ಡ್’ ಎಂಬ ಪದವಿಲ್ಲ. ನಮ್ಮ ಹೈಕೋರ್ಟಿನ ತೀರ್ಪುಗಳಲ್ಲಿ ‘ಇಂಪ್ಯೂನ್ಡ್ ಆರ್ಡರ್’, ಅಂದರೆ ಪ್ರಶ್ನೆಗೆ ಒಳಗಾದ ಕೆಳ ನ್ಯಾಯಾಲಯದ ಆದೇಶ, ಪುಟಪುಟಕ್ಕೂ ಎದುರಾಗುತ್ತದೆ. ಬೇರೆಯವರ ಅಳತೆಗೆ ಹೊಲಿದ ಅಂಗಿ ಎಷ್ಟೇ ಒಳ್ಳೆಯ ಬಟ್ಟೆಯದಾದರೂ ತೋಳು ಗಿಡ್ಡವಾಗುವುದು ಹೀಗೆ.

ಆದ್ದರಿಂದ ನಮ್ಮದೇ ರಾಶಿ ಮಾಡಿದೆವು. ಬೇಸಿಗೆ ರಜೆಯಲ್ಲಿ ನಾನು, ಕಾನೂನು ಕಲಿಸುವ ಗೆಳೆಯರೊಬ್ಬರು, ಆರು ಜನ ವಿದ್ಯಾರ್ಥಿಗಳು. ನಮ್ಮ ಭಾಗದ ವಕೀಲರ ಕೈಗೆ ನಿತ್ಯ ಬರುವ ನಾಲ್ಕು ಬಗೆಯ 200 ತೀರ್ಪುಗಳನ್ನು ಆಯ್ದೆವು: ಜಾಮೀನು ಅರ್ಜಿ, ಮೋಟಾರು ಅಪಘಾತ ಪರಿಹಾರ, ಭೂಸ್ವಾಧೀನ, ಆಸ್ತಿ ಪಾಲಿನ ಎರಡನೇ ಮೇಲ್ಮನವಿ. ತೀರ್ಪುಗಳು ನ್ಯಾಯಾಲಯದ ಜಾಲತಾಣದಲ್ಲೇ ಸಿಗುತ್ತವೆ. ಅವನ್ನು ಮತ್ತೆ ಮುದ್ರಿಸಲು 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲೇ ಅವಕಾಶವಿದೆ. ವೈದ್ಯಕೀಯ ಇಂಗ್ಲಿಷ್ ಕಲಿಸುವವರು ಇದನ್ನು ಕಂಡು ಅಸೂಯೆ ಪಡಬೇಕು, ರೋಗಿಗಳ ದಾಖಲೆ ಅವರಿಗೆ ಹೀಗೆ ಸಿಗುವುದಿಲ್ಲ. ಕಕ್ಷಿದಾರರ ಹೆಸರು, ಊರುಗಳನ್ನು ಮಾತ್ರ ನಾವು ತೆಗೆದುಹಾಕಿದೆವು. ಯಾರದೋ ಮನೆಯ ಜಗಳ ನಮ್ಮ ವ್ಯಾಕರಣದ ಉದಾಹರಣೆಯಾಗಿ ಹೆಸರು ಸಮೇತ ಬೋರ್ಡಿಗೆ ಏರುವುದು ಚೆನ್ನಲ್ಲ. ಹುಡುಕಲು ಬಳಸಿದ್ದು ಆಂಟ್‌ಕಾಂಕ್ ಎಂಬ ಉಚಿತ ತಂತ್ರಾಂಶ. ಜಪಾನಿನ ವಾಸೆದಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಥನಿ ಮಾಡಿದ್ದು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಅದು ಮಾಡುವ ಕೆಲಸ ಸರಳ. ಪದವೊಂದನ್ನು ಟೈಪ್ ಮಾಡಿದರೆ, ಅದು ಬಂದ ಎಲ್ಲ ಜಾಗಗಳನ್ನೂ ಒಂದರ ಕೆಳಗೊಂದು ಸಾಲಾಗಿ ತಂದು ಕೊಡುತ್ತದೆ. ಪದ ಪುಟದ ನಡುವೆ ಕಂಬದಂತೆ ನಿಲ್ಲುತ್ತದೆ. ಎಡಕ್ಕೆ ಏಳೆಂಟು ಪದ, ಬಲಕ್ಕೆ ಏಳೆಂಟು ಪದ. ವಚನ ಸಂಚಯ ಜಾಲತಾಣದಲ್ಲಿ ವಚನಗಳ ಪದ ಹುಡುಕಿದವರಿಗೆ ಇದರ ರುಚಿ ಗೊತ್ತಿರುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಇಂಥ ಸಾಲುಗಳನ್ನೇ ನಂಬಿ 1987ರ ಕೋಬಿಲ್ಡ್ ನಿಘಂಟನ್ನು ಮಾಡಿಸಿದರು. ಅದೇ ವಿಶ್ವವಿದ್ಯಾಲಯದ ಟಿಮ್ ಜಾನ್ಸ್ ಒಂದು ಹೆಜ್ಜೆ ಮುಂದೆ ಹೋಗಿ, ಈ ಸಾಲುಗಳನ್ನು ನಿಘಂಟುಕಾರರು ಮಾತ್ರ ಯಾಕೆ ನೋಡಬೇಕು, ವಿದ್ಯಾರ್ಥಿಯ ಕೈಗೇ ಕೊಡೋಣ ಎಂದರು.

ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಅರ್ಧ ಎದ್ದೇಳುವುದಿಲ್ಲ, ಆದ್ದರಿಂದ ನಾನು ‘ಲೀವ್’ ಪದದ ಇಪ್ಪತ್ತೈದು ಸಾಲುಗಳನ್ನು ಹಾಳೆಯ ಮೇಲೆ ಅಚ್ಚು ಮಾಡಿಸಿ ಹಂಚಿದೆ. ಅರ್ಥ ಹೇಳಲಿಲ್ಲ. ಎಡಕ್ಕೆ ಏನೇನಿದೆ, ಬಲಕ್ಕೆ ಏನೇನಿದೆ, ಪೆನ್ಸಿಲಿನಲ್ಲಿ ಗುರುತು ಹಾಕಿ ಎಂದೆ. ಎಡಕ್ಕೆ ‘ಸೀಕಿಂಗ್’, ‘ಗ್ರಾಂಟೆಡ್’, ‘ವಿದೌಟ್’. ಬಲಕ್ಕೆ ‘ಟು ಅಪೀಲ್’, ‘ಟು ಅಮೆಂಡ್’, ‘ಆಫ್ ದಿ ಕೋರ್ಟ್’. ಐದು ನಿಮಿಷ ಸದ್ದಿಲ್ಲ. ಆಮೇಲೆ ಅದೇ ಹುಡುಗಿ ಕೈ ಎತ್ತಿದಳು.

“ಸರ್, ಇಲ್ಲಿ ಲೀವ್ ಯಾರರೆ ಕೇಳ್ತಾರ, ಕೋರ್ಟ್ ಕೊಡ್ತೈತಿ. ಅಂದ್ರ ಪರವಾನಿಗಿ ಆತಲ್ರೀ.”

“ಸರಿ. ಹಂಗಾರ ರಜಾ ಅನ್ನೋ ಅರ್ಥ?”

ಸ್ವಲ್ಪ ಯೋಚಿಸಿ ಅಂದಳು: “ರಜಾನೂ ಕೇಳೇ ತಗೋಬೇಕಲ್ರೀ ಸರ್. ಎರಡೂ ಒಂದ ಪದ ಇರಬೇಕು.”

ಪದದ ಚರಿತ್ರೆ ಅವಳು ಹೇಳಿದ ಹಾಗೆಯೇ ಇದೆ. ನೌಕರ ಗೈರುಹಾಜರಾಗಲು ಪಡೆಯುವ ಅನುಮತಿಯೇ ಸವೆದು ಸವೆದು ರಜೆಯಾಗಿದೆ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಎರಡನ್ನೂ ಜೋಡಿಸಿ ನೋಡಬೇಕೆಂದು ಹೊಳೆದಿರಲಿಲ್ಲ. ನಾನು ಮೊದಲೇ ಅರ್ಥ ಬರೆಸಿದ್ದರೆ ಅವಳಿಗೂ ಹೊಳೆಯುತ್ತಿರಲಿಲ್ಲ. ‘ಪ್ರಿಫರ್’ ಹುಡುಕಿದಾಗ ನಮ್ಮ 200 ತೀರ್ಪುಗಳಲ್ಲಿ ಒಂದು ಕಡೆಯೂ ‘ಇಷ್ಟ’ ಎಂಬ ಅರ್ಥ ಸಿಗಲಿಲ್ಲ. ನಾನು ಗೆರೆ ಎಳೆದು ಕಲಿಸಿದ ‘ಟು’ ಕೂಡ ಎಲ್ಲೂ ಬರಲಿಲ್ಲ.

ಸಮಸ್ಯೆಯೊಂದರಲ್ಲಿ ಮನಸ್ಸು ಮುಳುಗಿದಾಗ ಭಾಷೆ ತಾನಾಗಿ ಹಿಡಿಯುತ್ತದೆ ಎಂಬ ನಂಬಿಕೆಯ ಮೇಲೆ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನಾದ್ಯಂತ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾಯಿತು. ಪದಸಾಲುಗಳ ಈ ಆಟವನ್ನು ಅವರು ಒಪ್ಪುತ್ತಿದ್ದರೋ ಇಲ್ಲವೋ. ಅವರಿಗೆ ಬೇಕಾಗಿದ್ದುದು ಅರ್ಥದ ಮೇಲಿನ ಗಮನ, ನಾವಿಲ್ಲಿ ಪದದ ಅಕ್ಕಪಕ್ಕ ಎಣಿಸುತ್ತ ಕೂತಿದ್ದೇವೆ. ಆದರೂ ಆ ಐದು ನಿಮಿಷದ ಮೌನ ಅವರ ತರಗತಿಗಳ ಮೌನದಂಥದ್ದೇ ಇರಬೇಕು ಎಂದು ನನ್ನ ಊಹೆ.

ಆಕ್ಷೇಪಗಳಿವೆ. ಮೊದಲನೆಯದನ್ನು ಎತ್ತಿದವರು ರಾಶಿ ಮಾಡಲು ಜತೆಗಿದ್ದ ಕಾನೂನಿನ ಗೆಳೆಯರೇ. ‘ನಮ್ಮ ತೀರ್ಪುಗಳ ಇಂಗ್ಲಿಷೇ ಸುಧಾರಿಸಬೇಕಾಗಿದೆ ಮಾರಾಯರೇ, ಅರ್ಧ ಪುಟದ ವಾಕ್ಯಗಳು. ಅದನ್ನೇ ಮಾದರಿ ಎಂದು ಕಲಿಸಿದರೆ ಮುಂದಿನ ತಲೆಮಾರೂ ಹೀಗೇ ಬರೆಯುತ್ತದೆ’ ಎಂದರು. ಮಾತು ನಿಜ. ಪಠ್ಯರಾಶಿ ಇರುವುದನ್ನು ತೋರಿಸುತ್ತದೆ, ಇರಬೇಕಾದುದನ್ನು ಹೇಳುವುದಿಲ್ಲ. ಹೆನ್ರಿ ವಿಡ್ಡೋಸನ್ ಅವರಂಥ ಹಿರಿಯ ಭಾಷಾತಜ್ಞರ ತಕರಾರು ಇನ್ನೂ ಆಳದ್ದು: ಸಂದರ್ಭದಿಂದ ಕಿತ್ತು ತಂದ ಸಾಲು ಭಾಷೆಯ ಗುರುತು ಮಾತ್ರ, ಅದರ ಬದುಕಲ್ಲ. ಇದಕ್ಕೆ ನನ್ನಲ್ಲಿರುವುದು ಅರ್ಧ ಉತ್ತರ. ಓದುವ ಇಂಗ್ಲಿಷನ್ನೂ ಬರೆಯುವ ಇಂಗ್ಲಿಷನ್ನೂ ಬೇರೆ ಮಾಡಿ. ‘ಪ್ರಿಫರ್ಡ್’ ಕಂಡರೆ ತಿಳಿಯಬೇಕು, ತಾನು ಬರೆಯುವಾಗ ‘ಫೈಲ್ಡ್’ ಎಂದರೆ ಸಾಕು. ಎರಡೂ ಅದೇ ರಾಶಿಯಲ್ಲಿವೆ, ಎರಡರಲ್ಲೂ ಮೇಲ್ಮನವಿ ಅಷ್ಟೇ ಮೇಲ್ಮನವಿ ಎಂದು ಸಾಲುಗಳೇ ತೋರಿಸುತ್ತವೆ. ಸರಳವಾದದ್ದನ್ನು ಆರಿಸಿಕೊಳ್ಳುವ ಧೈರ್ಯ ಬರುವುದು ಅದೂ ಚಾಲ್ತಿಯಲ್ಲಿದೆ ಎಂದು ಕಣ್ಣಾರೆ ಕಂಡ ಮೇಲೆ. ಉಳಿದ ಅರ್ಧ ಮೇಷ್ಟ್ರ ವಿವೇಚನೆಯ ಕೆಲಸ, ತಂತ್ರಾಂಶಕ್ಕೆ ಅದು ಬರುವುದಿಲ್ಲ.

ಎರಡನೇ ಆಕ್ಷೇಪ ಈಗಿನ ಕಾಲದ್ದು. ಇಷ್ಟೆಲ್ಲ ಯಾಕೆ, ಚಾಟ್‌ಜಿಪಿಟಿಯನ್ನು ಕೇಳಿದರೆ ಎರಡು ಸೆಕೆಂಡಿನಲ್ಲಿ ಅರ್ಥ ಹೇಳುತ್ತದಲ್ಲ ಎಂದು ವಿದ್ಯಾರ್ಥಿಗಳೇ ಕೇಳುತ್ತಾರೆ. ಹೇಳುತ್ತದೆ, ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಅದರ ತೊಂದರೆ ಇರುವುದು ದನಿಯಲ್ಲಿ. ಗೊತ್ತಿದ್ದಾಗಲೂ ಗೊತ್ತಿಲ್ಲದಾಗಲೂ ಅದರ ದನಿ ಒಂದೇ. ನ್ಯೂಯಾರ್ಕಿನಲ್ಲಿ ಆವಿಯಾಂಕಾ ವಿಮಾನ ಸಂಸ್ಥೆಯ ಮೇಲೆ ಪ್ರಯಾಣಿಕನೊಬ್ಬ ಹೂಡಿದ ದಾವೆಯಲ್ಲಿ ಅವನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದರು. ಆ ತೀರ್ಪುಗಳು ಎಲ್ಲೂ ಇರಲಿಲ್ಲ. 2023ರ ಜೂನ್‌ನಲ್ಲಿ ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ತೀರ್ಪಿನ ಭಾಷೆ ಅಚ್ಚುಕಟ್ಟಾಗಿತ್ತು, ತೀರ್ಪೇ ಇರಲಿಲ್ಲ. ಪಠ್ಯರಾಶಿಯ ಸಾಲಿನ ಮೇಲೆ ಬೆರಳಿಟ್ಟರೆ ಅದು ಯಾವ ತೀರ್ಪಿನ ಯಾವ ಪ್ಯಾರಾ ಎಂದು ತೆರೆದು ನೋಡಬಹುದು. ವಕೀಲನಾಗುವವನಿಗೆ ಸಾಕ್ಷ್ಯ ಅಂದರೇನೆಂದು ಬೇರೆ ಪಾಠ ಬೇಕೇ?

ಅದೇ ವಿಮಾನ ಸಂಸ್ಥೆಯ ಹೆಸರು ವೃತ್ತಿಭಾಷೆಯ ಪಾಠಗಳಲ್ಲಿ ಇನ್ನೊಂದು ಕಾರಣಕ್ಕೆ ಬರುತ್ತದೆ ಎಂಬುದು ಕಾಕತಾಳೀಯ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ಬಂದ ಆವಿಯಾಂಕಾ 52 ವಿಮಾನ ನ್ಯೂಯಾರ್ಕಿನಲ್ಲಿ ಇಳಿಯಲು ಕಾಯುತ್ತ ಸುತ್ತಿ ಸುತ್ತಿ ಇಂಧನ ತೀರಿ ಬಿತ್ತು. 73 ಜನ ಸತ್ತರು. ಇಂಧನ ಮುಗಿಯುತ್ತಿದೆ ಎಂದು ಪೈಲಟ್‌ಗಳು ಹೇಳಿದ್ದರು, ಆದ್ಯತೆ ಕೊಡಿ ಎಂದು ‘ಪ್ರಯಾರಿಟಿ’ ಪದ ಬಳಸಿ ಕೇಳಿದ್ದರು. ನಿಯಂತ್ರಣ ಕೊಠಡಿಯವರ ಕಿವಿ ನೆಟ್ಟಗಾಗುವುದು ‘ಎಮರ್ಜೆನ್ಸಿ’ ಅಥವಾ ‘ಮೇಡೇ’ ಎಂಬ ಪದಕ್ಕೆ. ಆ ಪದ ಬರಲಿಲ್ಲ. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ವ್ಯಾಕರಣ ಸರಿಯಿದ್ದರೆ ಸಾಕು, ಕೆಲಸ ನಡೆಯುತ್ತದೆ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ನಮ್ಮ ಮೂವತ್ತು ದಿನದ ಸ್ಪೋಕನ್ ಇಂಗ್ಲಿಷ್ ಕೋರ್ಸುಗಳು ‘ಹೌ ಆರ್ ಯು’ ಕಲಿಸುತ್ತವೆ. ಯಾವ ಪದಕ್ಕೆ ಎದುರಿನವರು ಎದ್ದು ನಿಲ್ಲುತ್ತಾರೆ ಎಂಬುದು ಪ್ರತಿ ವೃತ್ತಿಯಲ್ಲೂ ಬೇರೆ.

ಇನ್ನೊಂದು ಮಾತನ್ನು ಇಂಗ್ಲಿಷ್ ಬೋಧನೆಯ ಪಂಡಿತರು ಹೇಳುವುದು ಕಡಿಮೆ. ನಮ್ಮ ವಿದ್ಯಾರ್ಥಿ ಖಾಲಿ ಹಲಗೆಯಲ್ಲ. ದಾವೆ, ತಕರಾರು, ಜಾಮೀನು, ತಡೆಯಾಜ್ಞೆ, ಅಮಲ್ಜಾರಿ, ವಕಾಲತ್ತು: ಇಡೀ ನ್ಯಾಯಾಲಯವೇ ಅವಳ ತಲೆಯಲ್ಲಿ ಕನ್ನಡದಲ್ಲಿ ಇದೆ. ‘ಪ್ರೇಯರ್’ ಪದಕ್ಕೆ ಹಾನಗಲ್ಲಿನ ಹುಡುಗಿ ಬೆದರಲಿಲ್ಲ, ಕನ್ನಡದ ಅರ್ಜಿಯ ಕೊನೆಯಲ್ಲೂ ವಾದಿ ಪ್ರಾರ್ಥಿಸಿಕೊಳ್ಳುತ್ತಾನಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ‘ಸುವಾಸ್’ ಎಂಬ ಯಂತ್ರಾನುವಾದ ತಂತ್ರಾಂಶ ತಂದ ಮೇಲೆ ಕನ್ನಡದಲ್ಲೂ ತೀರ್ಪುಗಳು ಬರತೊಡಗಿವೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ ಇಟ್ಟು ಜೋಡಿ ರಾಶಿ ಮಾಡಿದರೆ ನಮ್ಮ ಕಾನೂನು ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ನಿಘಂಟು ಬೇಡ. ಅನುವಾದವನ್ನು ಮನುಷ್ಯರು ತಿದ್ದಿರಬೇಕು ಎಂಬುದು ಷರತ್ತು. ‘ಲೀವ್ ಗ್ರಾಂಟೆಡ್’ ಎಂಬುದನ್ನು ಯಂತ್ರವೂ ರಜೆ ಎಂದೇ ತಿಳಿಯುವ ಅಪಾಯವಿದೆ. ನನ್ನ ಹುಡುಗನ ತಪ್ಪನ್ನೇ ಯಂತ್ರವೂ ಮಾಡಿದರೆ, ತಿದ್ದುವವಳು ಹಾನಗಲ್ಲಿನ ಹುಡುಗಿಯೇ ಆಗಬಹುದು. ಅದೂ ಒಂದು ಉದ್ಯೋಗವೇ.

ತೀರ್ಪುಗಳ ರಾಶಿಗೆ ಬಾಯಿಯಿಲ್ಲ. ಅದು ನನಗೆ ತಿಳಿದದ್ದು ವರ್ಷದ ಕೊನೆಯಲ್ಲಿ. ‘ಲರ್ನೆಡ್ ಕೌನ್ಸೆಲ್’, ಅಂದರೆ ವಿದ್ವಾಂಸರಾದ ವಕೀಲರು, ಎಂಬ ಮಾತು ನಮ್ಮ ರಾಶಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಇದೆ. ಅಣಕು ನ್ಯಾಯಾಲಯದ ಸ್ಪರ್ಧೆಗೆ ತಯಾರಾಗುತ್ತಿದ್ದ ಅವಳು ಬಂದು, ಅದನ್ನು ಲರ್ನ್ಡ್ ಅನ್ನಬೇಕೋ ಲರ್ನೆಡ್ ಅನ್ನಬೇಕೋ ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ನೂರಾರು ಸಾಲುಗಳಿದ್ದವು, ಒಂದಕ್ಕೂ ದನಿಯಿರಲಿಲ್ಲ. ನಾನು ಉತ್ತರ ಹೇಳಬಹುದಿತ್ತು. ಹೇಳದೆ, ಹೈಕೋರ್ಟಿನ ಕಲಾಪದ ನೇರ ಪ್ರಸಾರವನ್ನು ನನ್ನ ಮೊಬೈಲಿನಲ್ಲಿ ಹಾಕಿದೆ. ಅನುಮತಿಯಿಲ್ಲದೆ ಅದನ್ನು ದಾಖಲಿಸಿಕೊಳ್ಳುವಂತಿಲ್ಲ, ಕೂತು ಕೇಳಲು ಅಡ್ಡಿಯಿಲ್ಲ. ಸ್ಟಾಫ್ ರೂಮಿನ ಬೆಂಚಿನ ಮೇಲೆ ಇಬ್ಬರೂ ಅರ್ಧ ಗಂಟೆ ಕೇಳಿದೆವು. ಒಬ್ಬ ವಕೀಲರು ಲರ್ನೆಡ್ ಅಂದರು, ಇನ್ನೊಬ್ಬರು ಲರ್ನ್ಡ್ ಅಂದರು, ಮತ್ತೊಬ್ಬರು ಅವಸರದಲ್ಲಿ ಎರಡೂ ಅಲ್ಲದ್ದೇನನ್ನೋ ಅಂದರು. ಅವಳು ನೋಟ್‌ಬುಕ್ಕಿನಲ್ಲಿ ಮೂರನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಪ್ರತಿಯೊಂದರ ಮುಂದೆ ಗೆರೆ ಹಾಕಿ ಎಣಿಸುತ್ತ ಕೂತಳು.